ನೆಲದ ಋಣಭಾರ



ನಿವೇಶನವೊಂದನ್ನು ಕೊಳ್ಳುವ ಮುನ್ನ ನಾವೆಲ್ಲರೂ ತಪ್ಪದೆ ಮಾಡುವ ಕೆಲಸವೊಂದಿದೆ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಬಾಯಿಮಾತಿನಲ್ಲಿ ಎಲ್ಲರೂ ‘ಇ.ಸಿ.’ ಎನ್ನುವ ಕಾಗದವನ್ನು ತೆಗೆಸುತ್ತೇವೆ. ಆ ನೆಲ ಯಾರ ಕೈಯಿಂದ ಯಾರ ಕೈಗೆ ಬಂದಿದೆ, ಅದರ ಮೇಲೆ ಸಾಲವಿದೆಯೇ, ಅಡಮಾನವಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಓದು ಬರಹ ಬಾರದ ರೈತನೂ ಈ ವಿಷಯದಲ್ಲಿ ಎಚ್ಚರ ತಪ್ಪುವುದಿಲ್ಲ.

ಆದರೆ ನೆಲಕ್ಕೆ ಇನ್ನೊಂದು ಬಗೆಯ ಋಣವೂ ಇರಬಹುದು. ಹಿಂದಿನವರು ಅದರೊಳಗೆ ಏನನ್ನು ಸುರಿದರು, ಏನನ್ನು ಹೂತರು, ಯಾವ ಕಾರ್ಖಾನೆಯ ಕೊಳೆಯನ್ನು ಅದು ಕುಡಿದಿದೆ ಎಂಬ ಋಣ ಅದು. ರಸ್ತೆ, ಸೇತುವೆ, ಶಾಲೆ, ಒಳಚರಂಡಿ ಮುಂತಾದ ಸಾರ್ವಜನಿಕ ಕಾಮಗಾರಿಗಳಿಗೆ ಕೈಹಾಕುವ ಮುನ್ನ ಈ ಋಣವನ್ನು ಪರಿಶೋಧಿಸಬೇಕೆಂಬ ನಿಯಮ ಇಂದು ಹಲವು ದೇಶಗಳಲ್ಲಿದೆ. ಎಂಜಿನಿಯರುಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಆದರೆ ಈ ನಿಯಮ ಹುಟ್ಟಿದ ಬಗೆಯನ್ನು ತಿಳಿದವರು ಕಡಿಮೆ. ಅದರ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಅಮೆರಿಕದ ಒಂದು ಪ್ರಾಥಮಿಕ ಶಾಲೆಯ ಆಟದ ಬಯಲಿಗೆ. ಜೀವನವಿಡೀ ಶಾಲೆಯ ಆವರಣದಲ್ಲಿಯೇ ಕಳೆದ ನನಗೆ ಈ ಇತಿಹಾಸವನ್ನು ಓದುವಾಗ ಮನಸ್ಸು ಕಲಕಿತು. ಅದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಕಾಲುವೆಯಾಗದ ಕಾಲುವೆ

ನಯಾಗರಾ ಜಲಪಾತದ ಹೆಸರನ್ನು ಕೇಳದವರಿಲ್ಲ. ಅದರ ದಂಡೆಯ ಮೇಲೆ, ನ್ಯೂಯಾರ್ಕ್ ರಾಜ್ಯದಲ್ಲಿ, ಜಲಪಾತದ ಹೆಸರನ್ನೇ ಹೊತ್ತ ಪಟ್ಟಣವೊಂದಿದೆ. 1890ರ ದಶಕದಲ್ಲಿ ವಿಲಿಯಂ ಲವ್ ಎಂಬ ಉದ್ಯಮಿ ಅಲ್ಲಿಗೆ ಬಂದನು. (ಲವ್ ಎಂಬುದು ಆತನ ಮನೆತನದ ಹೆಸರು, ಮುಂದೆ ‘ಲವ್ ಕಾಲುವೆ’ ಎಂಬ ಹೆಸರನ್ನು ಓದಿ ನಮ್ಮ ಹುಡುಗರು ನಗಬಾರದೆಂದು ಈಗಲೇ ಹೇಳಿಬಿಡುತ್ತೇನೆ.) ನದಿಯ ಮೇಲ್ಭಾಗದಿಂದ ಕೆಳಭಾಗಕ್ಕೆ ಆರೇಳು ಮೈಲಿಯ ಕಾಲುವೆಯೊಂದನ್ನು ತೋಡಿ, ನೀರನ್ನು ಎತ್ತರದಿಂದ ಧುಮುಕಿಸಿ ವಿದ್ಯುತ್ ತೆಗೆದು, ಅದರ ಸುತ್ತ ಒಂದು ಮಾದರಿ ನಗರವನ್ನೇ ಕಟ್ಟಬೇಕೆಂಬುದು ಅವನ ಕನಸು. ಆಗಿನ ನೇರ ವಿದ್ಯುತ್ತನ್ನು ದೂರಕ್ಕೆ ಸಾಗಿಸಲಾಗುತ್ತಿರಲಿಲ್ಲ. ವಿದ್ಯುತ್ ಬೇಕಾದ ಕಾರ್ಖಾನೆ ಅದು ಹುಟ್ಟುವೆಡೆಯಲ್ಲಿಯೇ ನೆಲೆಯೂರಬೇಕಿತ್ತು. ಅವನ ಲೆಕ್ಕಾಚಾರವೆಲ್ಲ ನಿಂತಿದ್ದುದು ಈ ಒಂದು ಮಿತಿಯ ಮೇಲೆ.

ಎರಡು ಕಾರಣಗಳಿಂದ ಆ ಕನಸು ಮುರಿಯಿತು. 1893ರಲ್ಲಿ ಅಮೆರಿಕವನ್ನು ಭಾರೀ ಆರ್ಥಿಕ ಮುಗ್ಗಟ್ಟು ಕಾಡಿ, ಹಣ ಹೂಡುವವರು ಹಿಂದೆ ಸರಿದರು. ಅದೇ ಸಮಯದಲ್ಲಿ ನಿಕೋಲಾ ಟೆಸ್ಲಾ ಅವರ ಪರ್ಯಾಯ ವಿದ್ಯುತ್ ಪದ್ಧತಿ ಬಳಕೆಗೆ ಬಂದು, 1896ರ ನವೆಂಬರಿನಲ್ಲಿ ನಯಾಗರಾದ ವಿದ್ಯುತ್ತು ಬಫಲೋ ನಗರವನ್ನು ಮುಟ್ಟಿತು. ಜಲಪಾತದ ಮಗ್ಗುಲಲ್ಲೇ ಇರಬೇಕಾದ ಅಗತ್ಯ ಕಾರ್ಖಾನೆಗಳಿಗೆ ಉಳಿಯಲಿಲ್ಲ. ಇದೇ ಪರ್ಯಾಯ ವಿದ್ಯುತ್ ಪದ್ಧತಿಯನ್ನು ನೆಚ್ಚಿಯೇ ನಮ್ಮ ಮೈಸೂರು ಸಂಸ್ಥಾನವು 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿತು ಎಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಒಂದು ಕಡೆ ಒಬ್ಬನ ಕನಸನ್ನು ಮುರಿದ ವಿದ್ಯೆಯೇ ಇನ್ನೊಂದು ಕಡೆ ಒಂದು ಸಂಸ್ಥಾನದ ಬೆಳಕಾಯಿತು. ಇತಿಹಾಸದಲ್ಲಿ ಇಂತಹ ಜೋಡಣೆಗಳು ಮತ್ತೆ ಮತ್ತೆ ಸಿಗುತ್ತವೆ.

ಲವ್ ಬಿಟ್ಟುಹೋದದ್ದು ಸುಮಾರು ಒಂದು ಕಿಲೋಮೀಟರ್ ಉದ್ದದ ಅರೆಬರೆ ಹಳ್ಳವೊಂದನ್ನು. ಮಳೆನೀರು ತುಂಬಿದಾಗ ಮಕ್ಕಳು ಅದರಲ್ಲಿ ಈಜುತ್ತಿದ್ದರು.

ಒಂದು ಡಾಲರಿನ ಕ್ರಯಪತ್ರ

ಅಗ್ಗದ ವಿದ್ಯುತ್ ದೊರೆಯುವಲ್ಲಿ ರಾಸಾಯನಿಕ ಕಾರ್ಖಾನೆಗಳು ನೆಲೆಯೂರುವುದು ಸಹಜ. ಉಪ್ಪುನೀರಿನ ಮೂಲಕ ವಿದ್ಯುತ್ ಹರಿಸಿದರೆ ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ದೊರೆಯುತ್ತವೆ; ಅವುಗಳಿಂದ ಕೀಟನಾಶಕ, ಬಣ್ಣ, ದ್ರಾವಕ ಇತ್ಯಾದಿ ನೂರಾರು ವಸ್ತುಗಳು ತಯಾರಾಗುತ್ತವೆ. ಈ ಉದ್ಯಮದಲ್ಲಿದ್ದ ಹೂಕರ್ ಎಲೆಕ್ಟ್ರೋಕೆಮಿಕಲ್ ಕಂಪನಿಗೆ ತನ್ನ ಕೊಳೆಯನ್ನು ಹಾಕಲು ಜಾಗ ಬೇಕಿತ್ತು. 1942ರಿಂದ 1953ರವರೆಗೆ ಆ ಕಂಪನಿಯು ಈ ಹಳ್ಳದಲ್ಲಿ ಸುಮಾರು 21,000 ಟನ್ನುಗಳಷ್ಟು ರಾಸಾಯನಿಕ ತ್ಯಾಜ್ಯವನ್ನು ಹೂತು, ಮೇಲೆ ಜೇಡಿಮಣ್ಣು ಮುಚ್ಚಿತು. ಆ ಕಾಲಕ್ಕೆ ಇದು ಕಾನೂನುಬಾಹಿರವಾಗಿರಲಿಲ್ಲ. ಹುಲ್ಲು ಬೆಳೆಯಿತು, ನೆಲ ನೆಲದಂತೆಯೇ ಕಾಣತೊಡಗಿತು.

ಎರಡನೆಯ ಮಹಾಯುದ್ಧದ ತರುವಾಯ ಪಟ್ಟಣ ಬೆಳೆಯಿತು, ಮಕ್ಕಳ ಸಂಖ್ಯೆ ಹೆಚ್ಚಿತು, ಹೊಸ ಶಾಲೆಗಳಿಗೆ ಜಾಗ ಬೇಕಾಯಿತು. 1953ರ ಏಪ್ರಿಲ್ 28ರಂದು ಕಂಪನಿಯು ಈ 16 ಎಕರೆ ನೆಲವನ್ನು ಪಟ್ಟಣದ ಶಿಕ್ಷಣ ಮಂಡಳಿಗೆ ಬರೆದುಕೊಟ್ಟಿತು. ಬೆಲೆ ಒಂದೇ ಒಂದು ಡಾಲರು. ಕ್ರಯಪತ್ರದಲ್ಲಿ ಒಂದು ಷರತ್ತಿತ್ತು: ಈ ನೆಲದಲ್ಲಿ ರಾಸಾಯನಿಕ ತಯಾರಿಕೆಯ ತ್ಯಾಜ್ಯ ತುಂಬಿರುವುದನ್ನು ಕೊಳ್ಳುವವರಿಗೆ ತಿಳಿಸಲಾಗಿದೆ, ಮುಂದೆ ಅದರಿಂದ ಯಾರಿಗೆ ಗಾಯವಾದರೂ ಸಾವೇ ಸಂಭವಿಸಿದರೂ ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬುದು ಅದರ ತಾತ್ಪರ್ಯ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂದು ನಮ್ಮಲ್ಲಿ ಗಾದೆಯಿದೆ. ದಾನ ಪಡೆದವನು ಅದರ ಅಳತೆ ನೋಡಬಾರದೆಂದು ಹಾಸ್ಯ ಮಾಡುವ ಗಾದೆ ಅದು. ಆದರೆ ಸಾರ್ವಜನಿಕ ಸಂಸ್ಥೆಯೊಂದು ಮಕ್ಕಳಿಗಾಗಿ ನೆಲ ಪಡೆಯುವಾಗ ಹಿತ್ತಲಿಗೆ ಹೋಗಿ ಮೊಳ ಹಾಕಲೇಬೇಕು. ಮಂಡಳಿ ಹಾಗೆ ಮಾಡಲಿಲ್ಲ.

ಇಷ್ಟೇ ಆಗಿದ್ದರೆ ಅರಿಯದೆ ಆದದ್ದೆನ್ನಬಹುದಿತ್ತು. 1954ರ ಜನವರಿಯಲ್ಲಿ ಕಟ್ಟಡದ ವಾಸ್ತುಶಿಲ್ಪಿಯು ಮಂಡಳಿಗೆ ಪತ್ರ ಬರೆದನು. ಅಗೆಯುವಾಗ ರಾಸಾಯನಿಕ ತುಂಬಿದ ಪೀಪಾಯಿಗಳ ಗುಂಡಿಗಳು ಕೆಲಸಗಾರರಿಗೆ ಸಿಕ್ಕಿವೆ. ಅಲ್ಲಿ ಕಟ್ಟುವುದು ಸರಿಯಲ್ಲ, ಅಡಿಪಾಯಕ್ಕೂ ಹಾನಿಯಾಗಬಹುದು ಎಂದು ತಿಳಿಸಿದನು. ಮಂಡಳಿಯು ಇದಕ್ಕೆ ಕಂಡುಕೊಂಡ ಪರಿಹಾರವೇನು? ಕಟ್ಟಡವನ್ನು ಸುಮಾರು 80 ಅಡಿ ಪಕ್ಕಕ್ಕೆ ಸರಿಸಿದ್ದು! ಪುಟ್ಟ ಮಕ್ಕಳ ಆಟದ ಜಾಗವನ್ನೂ ತುಸು ಆಚೆಗೆ ಒಯ್ದರು. 1955ರಲ್ಲಿ ‘99ನೆಯ ಬೀದಿಯ ಶಾಲೆ’ ತೆರೆಯಿತು; ಸುಮಾರು 400 ಮಕ್ಕಳು ಸೇರಿದರು. ಅದೇ ವರ್ಷ ಆವರಣದ ಒಂದು ಭಾಗದ ನೆಲ ಕುಸಿದು ಪೀಪಾಯಿಗಳು ಹೊರಬಿದ್ದವು. ಅಲ್ಲಿ ನಿಂತ ಮಳೆನೀರಿನಲ್ಲಿ ಮಕ್ಕಳು ಆಡಿದರು.

ಒಂದೊಂದು ಕಾಮಗಾರಿಯೂ ಒಂದೊಂದು ಬಿರುಕು

ಮುಂದಿನ ಹದಿನೈದು ವರ್ಷಗಳ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿಷವನ್ನು ಹೂತದ್ದು ಖಾಸಗಿ ಕಂಪನಿಯಾದರೂ, ಅದರ ಮುಚ್ಚಳವನ್ನು ಒಡೆದದ್ದು ಒಂದರ ಹಿಂದೊಂದರಂತೆ ಬಂದ ಸಾರ್ವಜನಿಕ ಕಾಮಗಾರಿಗಳು.

ಮೊದಲನೆಯದು ಶಾಲೆಯೇ. ಕಾಲುವೆಯ ಮೇಲಿನ ಮಣ್ಣನ್ನು ತೆಗೆದು ಇನ್ನೊಂದು ಶಾಲೆಯ ಆವರಣ ಸಮಮಾಡಲು ಒಯ್ದದ್ದೂ ಉಂಟು. ಎರಡನೆಯದು ಒಳಚರಂಡಿ ಮತ್ತು ಬೀದಿಗಳು. 1957ರ ಸುಮಾರಿಗೆ ನಗರಾಡಳಿತವು ಕಾಲುವೆಯನ್ನು ಅಡ್ಡ ಹಾಯ್ದು ಕೊಳವೆಗಳನ್ನು ಹಾಕಿಸಿತು. ಕೊಳವೆಗಳ ಕೆಳಗೆ ಜಲ್ಲಿ ಹಾಸುವುದು ವಾಡಿಕೆ. ಜೇಡಿಮಣ್ಣಿನ ಗೋಡೆಯನ್ನು ಕೊರೆದು ಜಲ್ಲಿ ಹಾಸಿದಾಗ, ಒಳಗಿನ ದ್ರವ ಹೊರಗೆ ಹರಿಯಲು ತಾನಾಗಿಯೇ ದಾರಿಯಾಯಿತು. ಮೂರನೆಯದು ಹೆದ್ದಾರಿ. 1968ರಲ್ಲಿ ಕಾಲುವೆಯ ದಕ್ಷಿಣದ ತುದಿಯಲ್ಲಿ ಲಾಸಾಲ್ ಎಕ್ಸ್‌ಪ್ರೆಸ್‌ವೇ ನಿರ್ಮಿಸುವಾಗ ರಾಸಾಯನಿಕ ಬೆರೆತ ಮಣ್ಣು ಸಿಕ್ಕಿತು. ಅದನ್ನು ತೆಗೆಸಿ ಕೆಲಸ ಮುಂದುವರಿಸಿದರು. ಆದರೆ ಆ ರಸ್ತೆಯು ಅಂತರ್ಜಲ ನದಿಯ ಕಡೆಗೆ ಹರಿಯುತ್ತಿದ್ದ ದಾರಿಗೆ ಅಡ್ಡವಾಯಿತು. ಮೇಲಿನ ಮುಚ್ಚಳ ಒಡೆದದ್ದರಿಂದ ಮಳೆನೀರು ಒಳಗಿಳಿಯತೊಡಗಿತು. ಹೊರಹೋಗಲು ಹಳೆಯ ದಾರಿಯಿಲ್ಲ. ಬಾನಿಯಲ್ಲಿ ನೀರು ತುಂಬಿ ತುಳುಕುವಂತೆ ವಿಷದ್ರವ ಮೇಲೇರಿ ಅಕ್ಕಪಕ್ಕಕ್ಕೆ ಹರಡಿತು.

ಆ ಅಕ್ಕಪಕ್ಕದಲ್ಲಿ ಆಗ ಏನಿತ್ತು? ಮನೆಗಳು. 1957ರಲ್ಲಿ ಈ ನೆಲದ ಭಾಗಗಳನ್ನು ಮನೆ ಕಟ್ಟುವವರಿಗೆ ಮಾರುವ ಪ್ರಸ್ತಾಪ ಬಂದಾಗ ಹೂಕರ್ ಕಂಪನಿಯ ವಕೀಲರು ಮಂಡಳಿಯ ಸಭೆಗೇ ಬಂದು, ಇಲ್ಲಿ ಅಗೆಯುವುದು ಅಪಾಯವೆಂದು ವಿರೋಧಿಸಿದ್ದರು. ಆ ಎಚ್ಚರಿಕೆಯೂ ಸಭೆಯ ನಡವಳಿಯಲ್ಲಿಯೇ ಉಳಿಯಿತು. ಕಾಲುವೆಯ ಎರಡೂ ಬದಿಯಲ್ಲಿ ಮನೆಗಳೆದ್ದವು. ಕಾರ್ಖಾನೆಯಲ್ಲಿ ದುಡಿಯುವ ಸಾಧಾರಣ ಜನ ಸಾಲ ಮಾಡಿ ಅವನ್ನು ಕೊಂಡರು. ಅವರ ಕ್ರಯಪತ್ರಗಳಲ್ಲಿ ವಿಷದ ಮಾತೇ ಇರಲಿಲ್ಲ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕ್ರಯಪತ್ರದ ಷರತ್ತು, ವಾಸ್ತುಶಿಲ್ಪಿಯ ಪತ್ರ, ವಕೀಲರ ಹೇಳಿಕೆ ಈ ಮೂರೂ ಕಾಗದದ ಮೇಲಿದ್ದವು. ಹೆದ್ದಾರಿಯವರಿಗಂತೂ ಮಣ್ಣೇ ಸಾಕ್ಷಿ ನುಡಿದಿತ್ತು. ವಿಷಯ ಗೊತ್ತಿತ್ತು, ಗೊತ್ತಿದ್ದವರಿಂದ ಗೊತ್ತಾಗಬೇಕಾದವರಿಗೆ ಅದು ದಾಟಲಿಲ್ಲ. ಮಂಡಳಿಯ ಕಡತ ನಗರಾಡಳಿತದ ಮೇಜಿಗೆ ಹೋಗಲಿಲ್ಲ, ನಗರಾಡಳಿತದ ಅನುಭವ ಹೆದ್ದಾರಿಯವರಿಗೆ ತಿಳಿಯಲಿಲ್ಲ, ಯಾವುದೂ ಮನೆ ಕೊಂಡವರ ಕಿವಿಗೆ ಬೀಳಲಿಲ್ಲ.

ನಕ್ಷೆಯ ಮೇಲೆ ಗುರುತು ಹಾಕಿದ ತಾಯಿ

1970ರ ದಶಕದ ಮಧ್ಯದಲ್ಲಿ ಮಳೆ ಹಿಮ ಎರಡೂ ವಿಪರೀತವಾದವು. ನೆಲಮಾಳಿಗೆಗಳಲ್ಲಿ ಕಪ್ಪು ಜಿಡ್ಡು ಒಸರಿತು, ಹಿತ್ತಿಲಿನ ಗಿಡಗಳು ಕಮರಿದವು, ಗಾಳಿಯಲ್ಲಿ ಘಾಟು ಹರಡಿತು. 1976ರಲ್ಲಿ ‘ನಯಾಗರಾ ಗೆಜೆಟ್’ ಪತ್ರಿಕೆಯ ವರದಿಗಾರರು ಮನೆಗಳ ನೀರನ್ನು ಪರೀಕ್ಷೆ ಮಾಡಿಸಿ ವಿಷಯ ಬಯಲಿಗೆಳೆದರು. 1978ರಲ್ಲಿ ಅದೇ ಪತ್ರಿಕೆಯ ಮೈಕೆಲ್ ಬ್ರೌನ್ ಸರಣಿ ಲೇಖನಗಳನ್ನು ಬರೆದರು. ಅವನ್ನು ಓದಿದವರಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯೂ ಒಬ್ಬರು. ಅವರ ಮಗ ಅದೇ 99ನೆಯ ಬೀದಿಯ ಶಾಲೆಗೆ ಸೇರಿದ ಮೇಲೆ ಕಾಯಿಲೆ ಬಿದ್ದಿದ್ದನು. ಮಗನನ್ನು ಬೇರೆ ಶಾಲೆಗೆ ವರ್ಗಾಯಿಸಿ ಎಂದು ಅವರು ಕೇಳಿದರು, ಒಪ್ಪಿಗೆ ಸಿಗಲಿಲ್ಲ. ಆಗ ಮನೆಮನೆಯ ಬಾಗಿಲು ಬಡಿದು ಸಹಿ ಸಂಗ್ರಹಿಸತೊಡಗಿದರು. ಪ್ರತಿ ಬಾಗಿಲಲ್ಲೂ ಕಾಯಿಲೆಯ ಕಥೆಯೇ.

1978ರ ಆಗಸ್ಟ್ 2ರಂದು ರಾಜ್ಯದ ಆರೋಗ್ಯ ಆಯುಕ್ತ ರಾಬರ್ಟ್ ವೇಲನ್ ತುರ್ತು ಪರಿಸ್ಥಿತಿ ಘೋಷಿಸಿ, ಶಾಲೆಯನ್ನು ಮುಚ್ಚಬೇಕೆಂದೂ ಹತ್ತಿರದ ಮನೆಗಳ ಗರ್ಭಿಣಿಯರು ಮತ್ತು ಎರಡು ವರ್ಷದೊಳಗಿನ ಮಕ್ಕಳು ಊರು ಬಿಡಬೇಕೆಂದೂ ಸೂಚಿಸಿದರು. ಆಗಸ್ಟ್ 7ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೇಂದ್ರದ ತುರ್ತು ನೆರವನ್ನು ಘೋಷಿಸಿದರು. ಕಾಲುವೆಗೆ ತೀರ ಸಮೀಪದ ಎರಡು ಸಾಲುಗಳ ಸುಮಾರು 240 ಕುಟುಂಬಗಳನ್ನು ಮೊದಲು ಸ್ಥಳಾಂತರಿಸಿದರು.

ಆ ಎರಡು ಸಾಲುಗಳಿಂದಾಚೆಗೆ ಅಪಾಯವಿಲ್ಲ ಎಂದು ಅಧಿಕಾರಿಗಳು ಹೇಳಿದರು. ಆದರೆ ಗಿಬ್ಸ್ ಅವರು ಊರಿನ ನಕ್ಷೆಯನ್ನು ಹರಡಿಕೊಂಡು ಕಾಯಿಲೆಯಿದ್ದ ಮನೆಗಳಿಗೆ ಗುರುತು ಹಾಕಿದಾಗ ವಿಚಿತ್ರವೊಂದು ಕಂಡಿತು. ಗುರುತುಗಳು ಕಾಲುವೆಯ ಸುತ್ತ ಸಮನಾಗಿ ಹರಡಿರದೆ, ದೂರದ ಬೀದಿಗಳಲ್ಲಿಯೂ ಸಾಲುಸಾಲಾಗಿ ಬಿದ್ದಿದ್ದವು. ಊರಿನ ಹಿರಿಯರು ಅದರ ಗುಟ್ಟನ್ನು ಬಿಡಿಸಿದರು: ಮನೆಗಳು ಬರುವ ಮುನ್ನ ಅಲ್ಲೆಲ್ಲ ಹಳ್ಳಗಳು ಹರಿಯುತ್ತಿದ್ದವು, ಅವನ್ನು ಮುಚ್ಚಿ ಮನೆ ಕಟ್ಟಿದ್ದಾರೆ ಎಂದರು, ಹಳೆಯ ಭಾವಚಿತ್ರಗಳನ್ನು ತಂದುಕೊಟ್ಟರು. ಮುಚ್ಚಿದ ಹಳ್ಳಗಳ ಜಾಡಿನಲ್ಲಿಯೇ ವಿಷ ಸರಿಯುತ್ತಿದೆ ಎಂಬ ಊಹೆಗೆ ಬೆವರ್ಲಿ ಪೈಗನ್ ಎಂಬ ವಿಜ್ಞಾನಿ ಬೆಂಬಲವಾಗಿ ನಿಂತು ಲೆಕ್ಕ ಹಾಕಿಕೊಟ್ಟರು. ಆರೋಗ್ಯ ಇಲಾಖೆಯವರು ಇದನ್ನು ಗೃಹಿಣಿಯರ ಲೆಕ್ಕವೆಂದು ತಳ್ಳಿಹಾಕಿದರು. ಯಾವ ಕಾಯಿಲೆಗೆ ಎಷ್ಟರ ಮಟ್ಟಿಗೆ ರಾಸಾಯನಿಕವೇ ಕಾರಣ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ದೀರ್ಘ ವಾದವೇ ನಡೆಯಿತು. ಆದರೂ 1980ರ ಮೇ ತಿಂಗಳಲ್ಲಿ ಕಾರ್ಟರ್ ಎರಡನೆಯ ಬಾರಿ ತುರ್ತು ಪರಿಸ್ಥಿತಿ ಘೋಷಿಸಿದರು. ಉಳಿದ ನೂರಾರು ಕುಟುಂಬಗಳಿಗೂ ಹೊರಹೋಗುವ ಅವಕಾಶ ದೊರೆಯಿತು.

ನಕ್ಷೆ, ಹಿರಿಯರ ನೆನಪು, ಹಳೆಯ ಭಾವಚಿತ್ರ ಇವೆಲ್ಲ ಇತಿಹಾಸದ ಆಕರಗಳು. ತರಗತಿಯಲ್ಲಿ ಆಕರಗಳ ಪಾಠ ಬಂದಾಗ ‘ಇದರಿಂದ ಏನು ಪ್ರಯೋಜನ ಸಾರ್?’ ಎಂದು ಕೇಳುತ್ತಿದ್ದವರು ಇದನ್ನು ಎರಡು ಬಾರಿ ಓದಬೇಕೆಂದು ವಿನಂತಿ.

ಪರಿಶೋಧನೆಯ ಪದ್ಧತಿ

1980ರ ಡಿಸೆಂಬರ್ 11ರಂದು ಅಮೆರಿಕದಲ್ಲಿ ‘ಸೂಪರ್‌ಫಂಡ್’ ಎಂದು ಹೆಸರಾದ ಕಾನೂನು ಜಾರಿಗೆ ಬಂದಿತು. ವಿಷಪೂರಿತ ನೆಲವನ್ನು ಶುದ್ಧಿಗೊಳಿಸುವ ಹೊಣೆಯನ್ನು ಅದು ತ್ಯಾಜ್ಯ ಹಾಕಿದವರ ಮೇಲೆ ಮಾತ್ರವಲ್ಲದೆ ಈಗ ನೆಲದ ಒಡೆಯರಾಗಿರುವವರ ಮೇಲೆಯೂ ಹೊರಿಸಿತು. ಹೊಣೆಯಿಂದ ಪಾರಾಗಬೇಕಾದರೆ ನೆಲ ಕೊಳ್ಳುವ ಮುನ್ನ ಯುಕ್ತವಾದ ವಿಚಾರಣೆಯನ್ನೆಲ್ಲ ನಡೆಸಿದ್ದೆನೆಂದು ತೋರಿಸಬೇಕೆಂದು 1986ರ ತಿದ್ದುಪಡಿ ಹೇಳಿತು. ವಿಚಾರಣೆಯೆಂದರೆ ಏನೇನು ಮಾಡಬೇಕೆಂಬ ವಿಧಿವಿಧಾನ 1993ರಲ್ಲಿ ಸಿದ್ಧವಾಯಿತು. 2005ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇದಕ್ಕೆಂದೇ ನಿಯಮಾವಳಿಯನ್ನು ಹೊರಡಿಸಿತು. ಇಂದು ಅಲ್ಲಿ ರಸ್ತೆ ಅಗಲಿಸಲು, ಶಾಲೆಗೆ ಜಾಗ ಪಡೆಯಲು, ಕೊಳವೆಮಾರ್ಗ ಹಾಕಲು ಹೊರಟ ಇಲಾಖೆಗಳು ಇದೇ ಕ್ರಮವನ್ನು ಅನುಸರಿಸುತ್ತವೆ.

ಈ ಕ್ರಮದ ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ಅಗೆಯುವುದಿಲ್ಲ ಎಂಬುದು ಸ್ವಾರಸ್ಯಕರ. ಹಳೆಯ ಕ್ರಯಪತ್ರಗಳನ್ನು ಓದುತ್ತಾರೆ. ಬೆಂಕಿ ವಿಮೆಯವರು ಪಟ್ಟಣಗಳಿಗೆ ಮಾಡಿಸಿದ್ದ ಹಳೆಯ ನಕ್ಷೆಗಳಲ್ಲಿ ಎಲ್ಲಿ ಎಣ್ಣೆಯ ತೊಟ್ಟಿಯಿತ್ತು, ಎಲ್ಲಿ ಚರ್ಮ ಹದಮಾಡುತ್ತಿದ್ದರು ಎಂದು ಹುಡುಕುತ್ತಾರೆ. ಬೇರೆ ಬೇರೆ ವರ್ಷಗಳ ವೈಮಾನಿಕ ಚಿತ್ರಗಳನ್ನು ಹೋಲಿಸುತ್ತಾರೆ. ಸ್ಥಳಕ್ಕೆ ಹೋಗಿ ಕಲೆಗಟ್ಟಿದ ಮಣ್ಣು, ಒಣಗಿದ ಗಿಡ, ಕಾರಣವಿಲ್ಲದೆ ನೆಲದಿಂದ ಮೇಲೆದ್ದ ಕೊಳವೆ ಇವನ್ನು ಗಮನಿಸುತ್ತಾರೆ. ಹಿಂದಿನ ಒಡೆಯರನ್ನೂ ನೆರೆಹೊರೆಯವರನ್ನೂ ಮಾತನಾಡಿಸುತ್ತಾರೆ. ಸಂಶಯ ಬಂದಲ್ಲಿ ಮಾತ್ರ ಎರಡನೆಯ ಹಂತ: ಕೊಳವೆ ಕೊರೆದು ಮಣ್ಣು, ಅಂತರ್ಜಲ, ಮಣ್ಣಿನೊಳಗಿನ ಅನಿಲ ಇವುಗಳ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು. ವಿಷವಿರುವುದು ಖಚಿತವಾದರೆ ಶುದ್ಧೀಕರಣದ ಯೋಜನೆ. ಹಳೆಯ ಕಟ್ಟಡ ಅಥವಾ ಸೇತುವೆಯನ್ನು ಕೆಡವಬೇಕಾದಲ್ಲಿ ಅದರ ಕಲ್ನಾರು ಮತ್ತು ಸೀಸದ ಬಣ್ಣವನ್ನೂ ಮೊದಲೇ ಪರೀಕ್ಷಿಸುತ್ತಾರೆ.

ಈ ಮೊದಲ ಹಂತವು 1953ರಲ್ಲಿ ನಡೆದಿದ್ದರೆ ಕ್ರಯಪತ್ರದ ಒಂದು ಷರತ್ತೇ ಸಾಕಾಗುತ್ತಿತ್ತು. 1968ರಲ್ಲಿ ನಡೆದಿದ್ದರೆ ಹೆದ್ದಾರಿಯವರು ಶಿಕ್ಷಣ ಮಂಡಳಿಯ ಕಡತ ತೆರೆಸುತ್ತಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಕಾನೂನು ಬಂತು ನಿಜ. ಆದರೆ ಇತರ ಕೋಟೆಗಳಿಗಾದರೂ ಅದು ಬಾಗಿಲಾಯಿತು.

ಲವ್ ಕಾಲುವೆಯ ವಿಷವನ್ನು ಹೊರತೆಗೆಯಲಿಲ್ಲ. ಸುತ್ತ ಬಸಿಗಾಲುವೆ ತೋಡಿ, ಒಸರುವ ದ್ರವವನ್ನು ಶುದ್ಧೀಕರಿಸುವ ಘಟಕ ಕಟ್ಟಿ, ಮೇಲೆ ಹೊಸ ಮುಚ್ಚಳ ಹಾಕಿ ಬೇಲಿ ಬಿಗಿದರು. ಶಾಲೆಯನ್ನು ಕೆಡವಿದರು. ಹೂಕರ್ ಕಂಪನಿಯನ್ನು ಕೊಂಡಿದ್ದ ಆಕ್ಸಿಡೆಂಟಲ್ ಸಂಸ್ಥೆಯು 1995ರಲ್ಲಿ ಕೇಂದ್ರ ಸರ್ಕಾರಕ್ಕೆ 129 ದಶಲಕ್ಷ ಡಾಲರ್ ಕೊಡಲು ಒಪ್ಪಿತು. ಒಂದು ಡಾಲರಿನ ಕ್ರಯಪತ್ರದೊಡನೆ ಇದನ್ನು ಹೋಲಿಸಿ ನೋಡಿ. 2004ರಲ್ಲಿ ಈ ಸ್ಥಳವನ್ನು ರಾಷ್ಟ್ರೀಯ ಆದ್ಯತೆಯ ಪಟ್ಟಿಯಿಂದ ತೆಗೆದರು. ಆದರೆ 2011ರಲ್ಲಿ ಸಮೀಪದ ಬೀದಿಯಲ್ಲಿ ಒಳಚರಂಡಿ ದುರಸ್ತಿ ಮಾಡುವಾಗ ಮತ್ತೆ ರಾಸಾಯನಿಕ ಹೊರಬಂದು ಹೊಸ ವ್ಯಾಜ್ಯಗಳು ಹುಟ್ಟಿದವು. ಮತ್ತೆ ಅದೇ ಕೊಳವೆ, ಅದೇ ಅಗೆತ!

ನಮ್ಮ ನೆಲ

ನಮ್ಮ ದೇಶದಲ್ಲಿ ಭೋಪಾಲದ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. 1994ರಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾಯಿತು, 2006ರಲ್ಲಿ ಅದನ್ನು ಪರಿಷ್ಕರಿಸಿದರು. ಆದರೆ ಒಂದು ಸೂಕ್ಷ್ಮವಿದೆ. ಪರಿಣಾಮದ ಅಂದಾಜು ಮುಖ್ಯವಾಗಿ ಕೇಳುವುದು, ಈ ಯೋಜನೆ ನೆಲಕ್ಕೆ ಮುಂದೆ ಏನು ಮಾಡೀತು ಎಂದು. ನಾನು ಮೇಲೆ ಹೇಳಿದ ಪರಿಶೋಧನೆ ಕೇಳುವುದು, ಈ ನೆಲಕ್ಕೆ ಹಿಂದೆ ಏನು ಮಾಡಿದ್ದಾರೆ ಎಂದು. ಎರಡನೆಯ ಪ್ರಶ್ನೆಗೆ ನಮ್ಮಲ್ಲಿ ಪ್ರತ್ಯೇಕ ನಿಯಮಾವಳಿಯಾಗಿ ಬಂದದ್ದು 2025ರ ಜುಲೈಯಲ್ಲಿ ಪ್ರಕಟವಾದ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳು. ತಡವಾದರೂ ಸ್ವಾಗತಾರ್ಹ.

ಶಿವನಸಮುದ್ರದ ವಿದ್ಯುತ್ತು ತಲುಪಿದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಮಣ್ಣಿನ ‘ಸೈನೈಡ್ ದಿಬ್ಬ’ಗಳು ಮಾತ್ರ ಅಲ್ಲಿ ನಿಂತಿವೆ. ಅವು ಕಣ್ಣಿಗೆ ಕಾಣುವುದರಿಂದ ಊರಿನ ಮಕ್ಕಳಿಗೂ ಅವುಗಳ ಚರಿತ್ರೆ ಗೊತ್ತು. ಹುಲ್ಲು ಬೆಳೆದ ಬಯಲಿನ ಚರಿತ್ರೆ ಹಾಗೆ ಕಾಣುವುದಿಲ್ಲ. ಅದನ್ನು ಕಡತದಲ್ಲಿ ಹುಡುಕಬೇಕು, ಹಿರಿಯರನ್ನು ಕೇಳಬೇಕು. ಮುಚ್ಚಿದ ಕೆರೆಯ ಅಂಗಳದಲ್ಲಿ, ಹಳೆಯ ಕಾರ್ಖಾನೆಯ ಜಾಗದಲ್ಲಿ, ಕಸ ಸುರಿದ ಕಲ್ಲುಗಣಿಯ ಗುಂಡಿಯಲ್ಲಿ ಕಟ್ಟಡಗಳೇಳುತ್ತಿರುವ ಈ ಕಾಲದಲ್ಲಿ ಈ ಕೆಲಸ ಇನ್ನೂ ಅಗತ್ಯ.

ನಿಮ್ಮಲ್ಲಿ ಕೆಲವರು ಲೋಕೋಪಯೋಗಿ ಇಲಾಖೆಯಲ್ಲಿದ್ದೀರಿ, ಕೆಲವರು ಗುತ್ತಿಗೆದಾರರು, ಕೆಲವರು ಪಂಚಾಯಿತಿಯ ಸದಸ್ಯರು, ಕೆಲವರು ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೀರಿ. ಮುಂದೊಮ್ಮೆ ಯಾರಾದರೂ ಶಾಲೆಗೆಂದು ನೆಲ ದಾನ ಕೊಡಲು ಬಂದರೆ, ಕೈಮುಗಿದು ಧನ್ಯವಾದ ಹೇಳಿ. ಅನಂತರ ಪಹಣಿಯ ಜೊತೆಗೆ ಆ ಊರಿನ ಅತ್ಯಂತ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ನೆಲದ ಮೇಲೆ ನಡೆದಾಡಿ, ‘ಅಜ್ಜಾ, ಇಲ್ಲಿ ಮೊದಲು ಏನಿತ್ತು?’ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಡಿ. ಬರೆದದ್ದನ್ನು ಮುಂದಿನವರ ಕೈಗೆ ತಲುಪಿಸಿ. ನಯಾಗರಾದ ಆ ಶಿಕ್ಷಣ ಮಂಡಳಿ ಕೈಬಿಟ್ಟದ್ದು ಈ ಕೊನೆಯ ಕೆಲಸವನ್ನೇ.